ಆಟದೊಳಗೆ ಕಟ್ಟಿದ ಊರು

ಅಕ್ಕ ಏನನ್ನೇ ನೋಡಲಿ, ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದಳು. ಸೀರೆ ಅಂಚಿನ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಚೌಕ ಎಣಿಸುತ್ತ ಬಿಡಿಸುವ ಕೆಲಸದಲ್ಲಿ ಅಂಟಿಕೊಂಡ ಚಟ ಅದು. ಕಂಪ್ಯೂಟರ್ ಬಂದು ಗ್ರಾಫ್ ಹಾಳೆಗಳೆಲ್ಲ ಅಟ್ಟ ಸೇರಿದ ಮೇಲೂ ಆ ಕಣ್ಣು ಹಳೆಯ ಬುದ್ಧಿ ಬಿಡಲಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಹಂಚಿನ ಮೇಲಿನ ರೊಟ್ಟಿ ಹೊರಳಿಸುವಾಗ, ನನ್ನ ಮುಖ ನೋಡಿ "ಇವತ್ತ ಅತ್ತಿ ಕೂಡ ಜಗಳಾಡಿ ಬಂದಿ, ಹೌದಿಲ್ಲ ಬೇ?" ಎಂದು ಕೇಳುವಾಗಲೂ ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೊಸ ವ್ಯಾಪಾರಿಗಳು ಈ ಹೆಂಗಸು ತಮಗೆ ಕಣ್ಣು ಹೊಡೆದಳೆಂದು ಗಾಬರಿಯಾಗಿ ನೆಲ ನೋಡುತ್ತ ಮಾತಾಡುತ್ತಿದ್ದರು.

ಅವಳು ನನ್ನ ಒಡಹುಟ್ಟಿದವಳಲ್ಲ. ನಾನು ಮುಧೋಳದಿಂದ ಬನಹಟ್ಟಿಗೆ ಸೊಸೆಯಾಗಿ ಬಂದಾಗ ಎದುರು ಮನೆಯಲ್ಲಿದ್ದವಳು. ಓಣಿಗೆಲ್ಲ ಆಕೆ ಡಿಸೈನ್ ಅಕ್ಕ. ಹಿಂದಿನ ಪಡಸಾಲೆಯಲ್ಲಿ ಗಂಡನ ಪವರ್‌ಲೂಮುಗಳು ಖಟಖಟ ಎನ್ನುತ್ತಿದ್ದರೆ, ಮುಂದಿನ ಕೋಣೆಯಲ್ಲಿ ಇವಳು ಓಣಿಯ ಮಗ್ಗಗಳಿಗೆಲ್ಲ ನವಿಲು, ಗೋಪುರ, ರುದ್ರಾಕ್ಷಿ ಬಿಡಿಸಿ ಕೊಡುತ್ತಿದ್ದಳು. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತು ಕಂಡವರ ಮೇಲೆಲ್ಲ ಸಿಡುಕುತ್ತಿದ್ದೆ. ನನ್ನ ಅತ್ತೆ ಬೇಸತ್ತು, "ಇಕೀನ್ನ ನಿನ್ನ ಬಾಜೂಕ ಕುಂದರಿಸ್ಕೊ, ಏನರೆ ಕಲೀಲಿ" ಎಂದು ಅವಳಿಗೆ ಒಪ್ಪಿಸಿ ಬಂದರು.

ಅಕ್ಕ ಕಲಿಸುವಾಗ ಬೈಯುತ್ತಿರಲಿಲ್ಲ. ತಪ್ಪು ಮಾಡಿದರೆ ಆ ತಪ್ಪನ್ನೇ ಮಗ್ಗದ ಮೇಲೆ ಗೇಣುದ್ದ ನೇಯಿಸಿ ತಂದು ಮುಂದಿಡುತ್ತಿದ್ದಳು. ನನ್ನ ಮೊದಲ ನವಿಲಿಗೆ ಎರಡು ಕೊಕ್ಕು ಬಂದಿದ್ದವು. ಆ ತುಂಡನ್ನು ನನ್ನ ತೊಡೆಯ ಮೇಲೆ ಹಾಕಿ, "ನಿನ್ನ ನವಲಿಗೆ ಹಸಿವಿ ಭಾಳ ಐತಿ, ಒಂದ ಬಾಯಿ ಸಾಲವಲ್ದು" ಎಂದಳು. ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಆ ಮನೆಗೆ ನಾನು ಅಂಟಿಕೊಂಡದ್ದು ಅಂದಿನಿಂದ.

ಅವಳ ಮೈದುನ ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಒಮ್ಮೆ ಬಂದವನು ಒಂದು ಆಟ ಹಾಕಿಕೊಟ್ಟು ಹೋದ. ಊರು ಕಟ್ಟುವ ಆಟ. ಅದು ನಿಮಗೊಂದು ಬಯಲು ಕೊಡುತ್ತದೆ. ರಸ್ತೆ ಎಳೆಯುವುದು, ಮನೆ ಇಡುವುದು, ಗಿಡ ನೆಡುವುದು ನಿಮ್ಮ ಕೆಲಸ. ಆಮೇಲೆ ಬಾಣದ ಕೀಲಿ ಒತ್ತುತ್ತ ಆ ಓಣಿಗಳಲ್ಲಿ ನಡೆದಾಡಬಹುದು. ಮನೆಗಳೆಲ್ಲ ಯಾವುದೋ ಪರದೇಶದವು, ಚೂಪು ಮಾಡಿನವು. ಅಕ್ಕ ಒಂದು ಕಣ್ಣು ಮುಚ್ಚಿ ನೋಡಿ, "ಇಂಥಾ ಮಾಳಿಗಿ ಮ್ಯಾಲ ಹಪ್ಪಳಾ ಹ್ಯಾಂಗ ಒಣಗಸ್ತಾರ? ಜಾರಿ ಬೀಳ್ತಾವಲ್ಲ" ಎಂದು ಮುಚ್ಚಿಟ್ಟಳು.

ಆದರೆ ಮನಸ್ಸು ಅಲ್ಲೇ ಇತ್ತು. ಕರೆಂಟಿದ್ದ ಒಂದು ಮಧ್ಯಾಹ್ನ ಆಟದ ಫೋಲ್ಡರ್ ಬಿಚ್ಚಿ, ಒಂದರೊಳಗೊಂದು ಹೊಕ್ಕು, 'ಡೇಟಾ' ಎಂಬ ಹೆಸರಿನೊಳಗೆ ಗೋಡೆ, ಮಾಡು, ಬಾಗಿಲುಗಳ ಚಿತ್ರಗಳು ಸಾಲಾಗಿ ಕೂತಿರುವುದನ್ನು ಹುಡುಕಿ ತೆಗೆದಳು. ಒಂದು ಪ್ರತಿ ಬೇರೆ ಕಡೆ ಇಟ್ಟು, ಇಟ್ಟಿಗೆ ಗೋಡೆಯ ಚಿತ್ರದ ಜಾಗದಲ್ಲಿ ಅದೇ ಹೆಸರು ಕೊಟ್ಟು ತಾನು ಬಿಡಿಸಿದ ಸೀರೆ ಅಂಚೊಂದನ್ನು ಕೂಡಿಸಿದಳು. ಆಟ ಶುರು ಮಾಡಿದರೆ ಊರಿಗೆ ಊರೇ ಗೋಪುರದ ಅಂಚು ಉಟ್ಟು ನಿಂತಿತ್ತು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಾಗಿಲಲ್ಲಿ ಕೂತಿದ್ದ ಅವಳ ಅವ್ವ ಮಾತ್ರ ನಗಲಿಲ್ಲ. ತೆರೆಯನ್ನು ದಿಟ್ಟಿಸಿ, "ಇದ ಯಾರ ಊರ?" ಎಂದು ಕೇಳಿದಳು.

ಆ ಅವ್ವನ ವಿಷಯ ಹೇಳಬೇಕು. ಅನಗವಾಡಿಯ ಆಚೆ ಹೊಳೆದಂಡೆಯ ಹಳ್ಳಿ ಅವಳದು. ಆಣೆಕಟ್ಟಿನ ಹಿನ್ನೀರಿಗೆ ಊರು ಹೋಯಿತು. ಸರಕಾರ ಕೊಟ್ಟ ಪುನರ್ವಸತಿ ಕೇಂದ್ರದಲ್ಲಿ ಓಣಿಗಳೆಲ್ಲ ಒಂದೇ ಅಳತೆ, ಮನೆಗಳೆಲ್ಲ ಒಂದೇ ಮುಖ. ತಂಬಿಗೆ ತೆಗೆದುಕೊಂಡು ಬಯಲಿಗೆ ಹೋದರೆ ತಿರುಗಿ ಮನೆ ಸಿಗುತ್ತಿರಲಿಲ್ಲವಂತೆ. ಗಂಡ ತೀರಿದ ಮೇಲೆ ಮಗಳ ಹತ್ತಿರ ಬಂದಳು. ಬರುವಷ್ಟರಲ್ಲಿ ಮರೆವೂ ಜೊತೆಗೆ ಬಂದಿತ್ತು. ದಿನಾ ಊಟವಾದ ಮೇಲೆ ಸೀರೆಯೊಂದನ್ನು ಗಂಟು ಕಟ್ಟಿಕೊಂಡು "ಮನಿಗಿ ಹೊಂಟೇನಿ" ಎಂದು ಹೊರಬೀಳುತ್ತಿದ್ದಳು. ಓಣಿಯವರು ಹಿಡಿದು ತರುತ್ತಿದ್ದರು. ಒಮ್ಮೆ ಬೀಳಗಿ ಬಸ್ಸು ಹತ್ತಿ ಕೂತೇಬಿಟ್ಟಿದ್ದಳು. ಅಕ್ಕ ಚಪ್ಪಲಿಯಿಲ್ಲದೆ ಓಡಿ ಬಸ್ಸಿನ ಮುಂದೆ ನಿಂತಳು. ಕೆಳಗಿಳಿಸಿಕೊಂಡು ಬರುವಾಗ ಅವ್ವ ಬಿಡಿಸಿಕೊಳ್ಳಲು ಮಗಳ ಕೈಯನ್ನು ಕಚ್ಚಿದ್ದಳು.

"ಅಕಿ ಮನಿ ಮುಟ್ಟಬೇಕ, ಆದರ ಹೊಸ್ತಿಲಾ ದಾಟಬಾರದ," ಎಂದು ಅಕ್ಕ ಆ ಸಂಜೆ ಕೈಗೆ ಅರಿಷಿಣ ಮೆತ್ತಿಕೊಳ್ಳುತ್ತ ಅಂದಳು. ಮರುದಿನವೇ ಅವ್ವನನ್ನು ಕಂಪ್ಯೂಟರಿನ ಮುಂದೆ ಕೂಡಿಸಿಕೊಂಡು ಊರು ಕಟ್ಟಲು ಕೂತಳು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಅಕ್ಕ ಚಿಕ್ಕವಳಿದ್ದಾಗಲೇ ರಬಕವಿಯ ಸೋದರಮಾವನ ಮನೆಗೆ ಸಾಲೆ ಕಲಿಯಲು ಬಂದವಳು. ಊರು ಅವಳಿಗೆ ಸಾಲೆಯ ಸೂಟಿಯಲ್ಲಿ ಹೋದಾಗ ಕಂಡಷ್ಟೇ ಗೊತ್ತು. ಅವ್ವನಿಗೆ ಮುಂಜಾನೆ ಉಂಡದ್ದು ನೆನಪಿರುತ್ತಿರಲಿಲ್ಲ. ಆದರೆ ಊರು ಕಲ್ಲು ಕಲ್ಲಾಗಿ ನೆನಪಿತ್ತು. "ಊರ ಅಗಸಿ ಬಾಗಲಾ ದಾಟಿ ಬಲಕ್ಕ ಹೊಳ್ಳು. ಅಲ್ಲಿ ಕಮ್ಮಾರರ ಮನಿ. ಮುಂದ ಒಂದ ಕಲ್ಲ ಐತಿ, ಎಡವಿ ಬಿದ್ದೀ" ಎಂದು ಹೇಳಿದರೆ, ಅಕ್ಕ ಅಲ್ಲೊಂದು ಕಲ್ಲು ಇಡುತ್ತಿದ್ದಳು. ಬೀರಪ್ಪನ ಗುಡಿ, ಬೇವಿನ ಗಿಡ, ಸೇದುವ ಬಾವಿ ಒಂದೊಂದಾಗಿ ಬಂದವು. ಪ್ರತಿ ಮನೆಯ ಬಾಗಿಲನ್ನೂ ಅಕ್ಕ ಬೇರೆ ಬೇರೆ ಬಿಡಿಸಿ ಡೇಟಾ ಫೋಲ್ಡರಿಗೆ ಹಾಕಿದಳು. ತಮ್ಮ ಮನೆಯ ಬಾಗಿಲಿಗೆ ಹಸಿರು ಹಚ್ಚಿದಾಗ ಅವ್ವ ಒಪ್ಪಲಿಲ್ಲ. "ಹಸರ ಅಲ್ಲ ಬೇ. ಹಸರ ಹೋಗಿ ಉಳದಿತ್ತಲ್ಲ, ಆ ಬಣ್ಣಾ" ಎಂದಳು. ಆ ಬಣ್ಣ ಕೂಡಿಸಲು ನಾವಿಬ್ಬರೂ ವಾರಗಟ್ಟಲೆ ತಲೆ ಕೆಡಿಸಿಕೊಂಡೆವು.

ಕೊನೆಗೊಂದು ಮಧ್ಯಾಹ್ನ ಅಕ್ಕ ಕೀಲಿ ಒತ್ತುತ್ತ ಹೋದಳು. ಅಗಸಿ ದಾಟಿ, ಬಲಕ್ಕೆ ಹೊರಳಿ, ಕಲ್ಲು ತಪ್ಪಿಸಿ, ಬಾವಿ ಹಾಯ್ದು ಆ ಬಾಗಿಲ ಮುಂದೆ ನಿಂತಳು. ಅವ್ವ ಮೇಜಿನ ಕೆಳಗೆ ಕಾಲಿನಿಂದ ಚಪ್ಪಲಿ ಬಿಟ್ಟಳು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ನಿದ್ದೆ ಹೋದಳು. ನಾನು ಅಳುವವಳಲ್ಲ, ಅಂದು ಅತ್ತುಬಿಟ್ಟೆ.

ಅಂದಿನಿಂದ ಅವ್ವ ಬಸ್‌ಸ್ಟ್ಯಾಂಡಿನ ಹಾದಿ ಹಿಡಿಯಲಿಲ್ಲ. ಊಟವಾದ ಮೇಲೆ ಗಂಟು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಅಕ್ಕ ಎಂಥ ಅವಸರದ ಕೆಲಸವಿದ್ದರೂ ಬಿಟ್ಟು ಅವಳನ್ನು ಮನೆ ಮುಟ್ಟಿಸಿ, ಆಮೇಲೆ ನವಿಲಿಗೆ ಕೈ ಹಚ್ಚುತ್ತಿದ್ದಳು.

ದಸರೆ ಬಂತು. ನಮ್ಮಲ್ಲಿ ಖಂಡೆ ಪೂಜೆಗೆ ಮಗ್ಗಗಳನ್ನೆಲ್ಲ ನಿಲ್ಲಿಸಿ, ಎಣ್ಣೆಯ ಜಿಡ್ಡು ಕೆರೆದು, ತೊಳೆದು ಒರೆಸಿ ಪೂಜೆ ಮಾಡುತ್ತಾರೆ. ಹೊಲಸು ಇಟ್ಟುಕೊಂಡು ಪೂಜೆ ಮಾಡಿದರೆ ಮಗ್ಗ ಮುನಿಯುತ್ತದೆ ಎಂಬ ನಂಬಿಕೆ. ಕಂಪ್ಯೂಟರೂ ಅವಳಿಗೆ ಮಗ್ಗವೇ. ಅದು ಆಗ ಭಾಳ ನಿಧಾನವಾಗಿತ್ತು. "ಹೊರಗ ನಾ ಒರಸ್ತೇನಿ, ಒಳಗ ನೀ ತೊಳದ ಕೊಡು" ಎಂದು ಮೈದುನನನ್ನು ಕರೆಸಿದಳು. ಅವನು ಕೇಳಿಯೇ ಕೇಳಿದ: "ವೈನಿ, ಎಲ್ಲಾ ಅಳಸಿ ಹೊಸದಾಗಿ ಹಾಕಬೇಕಾಗತೈತಿ. ಬೇಕಾದ್ದ ತಗದ ಇಟ್ಟೀರಿಲ್ಲರಿ?"

"ಇಟ್ಟೇನೋ. ಡಿಸೈನ್ ಎಲ್ಲಾ ಸೀಡಿಗೆ ಹಾಕೇನಿ. ಅವ್ವನ ಊರಂತೂ ಆಟದ ಫೋಲ್ಡರ್ ಪೂರಾ ತಗೊಂಡೇನಿ, ಒಂದ ಎಳಿ ಬಿಟ್ಟಿಲ್ಲ."

ನಾನು ಪಕ್ಕದಲ್ಲೇ ಇದ್ದೆ. ಅವಳು ಸೀಡಿಯನ್ನು ಎರಡೆರಡು ಸಲ ತೆರೆದು ನೋಡಿದ್ದನ್ನು ಕಂಡಿದ್ದೇನೆ. ಮಗ್ಗದವರಿಗೆ ನೇಯ್ದ ಬಟ್ಟೆ ಮಗ್ಗಕ್ಕೇ ಸುತ್ತಿಕೊಂಡಿರುತ್ತದೆ. ಮಗ್ಗ ಉಳಿದರೆ ಬಟ್ಟೆಯೂ ಉಳಿಯಿತು. ಆಟ ಉಳಿಸಿಕೊಂಡರೆ ಅದರಲ್ಲಿ ಕಟ್ಟಿದ್ದು ಎಲ್ಲಿ ಹೋಗುತ್ತದೆ ಎಂದು ಅವಳು ನಂಬಿದಳು. ನಾನೂ ನಂಬಿದೆ.

ಪೂಜೆಯಾಗಿ ಬನ್ನಿ ಕೊಟ್ಟು ತಗೊಂಡು, ಹಬ್ಬ ಮುಗಿದ ಮೇಲೆ ಸೀಡಿಯಿಂದ ಆಟವನ್ನು ಮತ್ತೆ ಹಾಕಿ ತೆರೆದೆವು. ಬಾಗಿಲುಗಳೆಲ್ಲ ಇದ್ದವು. ಬೀರಪ್ಪನ ಗುಡಿಯ ಗೋಡೆ ಇತ್ತು, ಹಸಿರು ಹೋಗಿ ಉಳಿದ ಬಣ್ಣವೂ ಇತ್ತು. ಊರು ಇರಲಿಲ್ಲ. ಬರೀ ಬಯಲು. ಫೋನು ಮಾಡಿದ ಕೂಡಲೇ ಮೈದುನ ಗಾಡಿ ಹೊಡೆದುಕೊಂಡು ಬಂದ. ನೋಡಿ ತಲೆಗೆ ಕೈ ಹಚ್ಚಿ ಕೂತ. ಆಟದ ಸಾಮಾನು ಆಟದ ಫೋಲ್ಡರಿನಲ್ಲಿರುತ್ತದೆ. ಆದರೆ ಆಡುವವರು ಕಟ್ಟಿದ್ದನ್ನು ಅದು ಅಲ್ಲಿ ಇಡುವುದಿಲ್ಲ. ಕಂಪ್ಯೂಟರಿನ ಬೇರೆ ಭಾಗದಲ್ಲಿ, ಬಳಸುವವರ ಹೆಸರಿನ ಫೋಲ್ಡರಿನೊಳಗೆ ಇಡುತ್ತದೆ. ಅಕ್ಕನ ಹೆಸರಿನ ಆ ಫೋಲ್ಡರನ್ನು ಅವಳೇ ಎಂದೂ ತೆರೆದಿರಲಿಲ್ಲ. ಸೀಡಿಗೆ ಹೋಗದೆ ತೊಳೆದುಹೋದದ್ದು ಅದೇ.

"ವೈನಿ, ಒಂದ ಮಾತ ಕೇಳಬೇಕಿತ್ತರಿ" ಎಂದ ಅವನು, ಅಳುವ ದನಿಯಲ್ಲಿ.

"ಏನಂತ ಕೇಳಬೇಕಿತ್ತೋ? ಗೊತ್ತಿದ್ರ ಕೇಳತಿದ್ದೆ" ಎಂದಳು ಅಕ್ಕ. ಅವನಿಗೆ ಚಹಾ ಮಾಡಿ ಕೊಟ್ಟಳು. ಅದನ್ನೇ ನನಗೆ ತಡೆಯಲಾಗಲಿಲ್ಲ. ಒಮ್ಮೆ ಕಿರುಚಿ ಬೈದಿದ್ದರೆ ಚೆನ್ನಾಗಿತ್ತು.

ಆ ಹೊತ್ತಿಗೆ ಅವ್ವ ಗಂಟು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಳು. ತೆರೆಯ ಮೇಲೆ ಬಯಲು. ಬಗ್ಗಿ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ನೀರ ಬಂತೇನ ಬೇ?" ಎಂದಳು.

ಅಕ್ಕ ಅವಳ ಕೈಯಿಂದ ಗಂಟು ತೆಗೆದುಕೊಂಡು, "ಹೂಂನವ್ವಾ, ಬಂತು" ಎಂದಳು.

"ಮಂದಿ ಎಲ್ಲಾ ಹೊರಬಿದ್ರಿಲ್ಲ?"

"ಹೊರಬಿದ್ರು."

ಅವ್ವ ತಲೆಯಾಡಿಸಿ ಎದ್ದು ಒಳಗೆ ಹೋದಳು. ಮತ್ತೆಂದೂ ಮನೆಗೆ ಹೋಗುತ್ತೇನೆ ಎನ್ನಲಿಲ್ಲ. ಅಕ್ಕ ಮರುವಾರವೇ ಹೊಸದಾಗಿ ಕಟ್ಟಲು ಕೂತು, "ಯವ್ವಾ, ಬಾವಿ ಆದಮ್ಯಾಲ ಯಾರ ಮನಿ?" ಎಂದು ಕೂಗಿ ಕೇಳಿದರೆ, "ಮುಣಗೇತಲ್ಲ, ಮತ್ಯಾಕ ಕಟ್ಟತಿ" ಎಂದು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಸಂಕ್ರಾಂತಿಗೆ ಮೊದಲೇ ತೀರಿಕೊಂಡಳು. ಕಾಯಿಲೆ ಕಸಾಲೆ ಏನೂ ಇರಲಿಲ್ಲ.

ಕಟ್ಟಿದವಳಿಗೆ ಊರು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ಮುಕ್ಕಾಲು ನೆನಪಿತ್ತು. ಅವ್ವ ಹೋದ ಮೇಲೂ ಅಕ್ಕ ಬಿಡುವಾದಾಗಲೆಲ್ಲ ಒಂದು ಮನೆ ಇಡುವಳು, ಒಂದು ಕಣ್ಣು ಮುಚ್ಚಿ ನೋಡುವಳು, ತೆಗೆಯುವಳು. ನನಗೆ ಸಂಕಟವಾಗಿ ಒಮ್ಮೆ ಜೋರಾಗಿಯೇ ಅಂದೆ, "ಎಲ್ಲ್ಯರೆ ಇಟ್ಟಬಿಡ್ರಿ ಅಕ್ಕಾ, ಈಗ ನೋಡವ್ರ ಯಾರ ಅದಾರ?" ಅವಳು ನನ್ನ ಕಡೆ ತಿರುಗಲಿಲ್ಲ. "ಒಂದ ಮನಿ ತಪ್ಪ ಜಾಗಾದಾಗ ಇಟ್ಟರ ಅವ್ವ ಹಾದಿ ತಪ್ಪತಾಳ ಬೇ" ಎಂದಳು.

ವರ್ಷಗಳು ಕಳೆದವು. ನಾನೂ ನನ್ನದೇ ಕಂಪ್ಯೂಟರ್ ತಗೊಂಡು ಡಿಸೈನ್ ಮಾಡತೊಡಗಿದೆ. ಹುಡುಗಿಯರು ಕಲಿಯಲು ಬರತೊಡಗಿದರು. ಅವರಿಗೆ ಮೊದಲ ದಿನವೇ ಸಾಮಾನು ಎಲ್ಲಿರುತ್ತದೆ, ಕಟ್ಟಿದ್ದು ಎಲ್ಲಿರುತ್ತದೆ ಎಂದು ಎರಡೂ ಜಾಗ ತೋರಿಸುತ್ತಿದ್ದೆ. ನನ್ನದೊಂದು ಕೆಲಸ ಅಳಿಸಿಹೋದಾಗ ಕಂಪ್ಯೂಟರನ್ನು ಬಾಗಲಕೋಟೆಗೆ ಒಯ್ದೆ. ಅಲ್ಲಿಯ ರಿಪೇರಿಯವನು ಅದನ್ನು ಮರಳಿ ತೆಗೆದುಕೊಟ್ಟ. ಅಳಿಸಿದ್ದು ಕೂಡಲೇ ಹೋಗುವುದಿಲ್ಲವಂತೆ. ಅದರ ಮೇಲೆ ಹೊಸದು ಬಂದು ಕೂರುವವರೆಗೆ ಒಳಗೇ ಇರುತ್ತದೆ. ಕಂಪ್ಯೂಟರ್ ಮುಟ್ಟದೆ ಹಾಗೇ ತಂದರೆ ಎಷ್ಟೋ ಸಲ ಸಿಗುತ್ತದೆ. ಅವನು ಹೇಳುತ್ತಿದ್ದ, ನಾನು ಆ ದಸರೆಯನ್ನು ನೆನೆಯುತ್ತಿದ್ದೆ. ಹಬ್ಬ ಮುಗಿದ ಕೂಡಲೇ ದೀಪಾವಳಿಯ ಸೀರೆಗಳ ಅವಸರವೆಂದು ನಾವು ಅದೇ ಕಂಪ್ಯೂಟರಿನಲ್ಲಿ ಹಗಲೆಲ್ಲ ನವಿಲು, ಗೋಪುರ ತುಂಬುತ್ತಲೇ ಹೋಗಿದ್ದೆವು.

ಅಕ್ಕ ಆಗಲೇ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯೊಳಗಿನ ಗಂಟು; ಡಾಕ್ಟರು ಕೈ ಚೆಲ್ಲಿ ಮನೆಗೆ ಕಳಿಸಿದ್ದರು. ನಾನು ಬಾರ್ಲಿ ಗಂಜಿ ಒಯ್ದಿದ್ದೆ. ಎರಡು ಗುಟುಕು ಕುಡಿದು, ಮಾಳಿಗೆಯ ತೊಲೆ ನೋಡುತ್ತಿದ್ದವಳು ಕೇಳಿದಳು:

"ತಂಗಿ, ಆವಾಗ ಅಳಸಿತಲ್ಲ ಅವ್ವನ ಊರ, ಅದು ಒಮ್ಮಿಗೇ ಹೋಗಿರತೈತೋ, ಒಳಗ ಎಲ್ಲ್ಯರೆ ಉಳದಿರತಿತ್ತೋ? ನೀ ಈಗ ಎಲ್ಲಾ ಬಲ್ಲಿ."

ನನಗೆ ಗೊತ್ತಿತ್ತು. ಗಂಜಿಯ ವಾಟಿ ಕೆಳಗಿಟ್ಟೆ.

"ಒಮ್ಮಿಗೇ ಹೋಗತೈತ್ರಿ ಅಕ್ಕಾ. ಯಾರ ಕೈಲೂ ಆಗತಿದ್ದಿಲ್ಲ."

"ಛಲೋ ಆತು" ಎಂದಳು. ಹೊದಿಕೆ ಎಳೆದುಕೊಂಡು, "ಒಳಗ ಇತ್ತಂದ್ರ, ಅವ್ವ ಇನ್ನಾ ಜೀವ ಇದ್ದಾಗ ನಾ ಹುಡಕಲಿಲ್ಲಲ್ಲಾ ಅನಸ್ತಿತ್ತು" ಎಂದು ಕಣ್ಣು ಮುಚ್ಚಿದಳು.

ಆ ವಾರ ಕಳೆಯುವುದರೊಳಗೆ ಅಕ್ಕ ಹೋದಳು. ತನಗೆ ಗೊತ್ತಿದ್ದನ್ನೆಲ್ಲ ನನಗೆ ಕಲಿಸಿದವಳು ಅವಳು. ನಾನಾಗಿ ಕಲಿತದ್ದು ಒಂದೇ ಒಂದಿತ್ತು, ಅದನ್ನು ಅವಳಿಗೆ ಹೇಳದೆ ಕಳಿಸಿಕೊಟ್ಟೆ.