ಗೌರವ್ವನ ಕೊರಳಾಗಿನ ಹೊಳಿಕಲ್ಲು

ಮುನಿರಾಬಾದಿಗೆ ವರ್ಗ ಆಗಿ ಬಂದ ಮ್ಯಾಲೆ ನನಗ ಐತವಾರ ಅಂದ್ರ ಹೊಳಿದಂಡಿ. ನುಣ್ಣನ ಕಲ್ಲು ಆರಿಸಿ ತರೋದು, ಸುಟ್ಟ ಮೋಟರಿನ ತಾಮ್ರದ ತಂತಿ ಸುತ್ತಿ ಪದಕ ಮಾಡೋದು, ಕನ್ನಡಿ ಮುಂದ ನಾನ ಹಾಕ್ಕೊಂಡು ನೋಡಿ ನಾನ ತಗದಿಡೋದು. ಕ್ವಾರ್ಟರ್ಸಿನ್ಯಾಗ ಒಬ್ಬಾಕಿನ ಇರೋದು, ಮತ್ತ ನೋಡಾವ್ರು ಯಾರದಾರ?

ಒಂದಿನ ದಂಡಿಮ್ಯಾಲ ಕುಂತು ಕರಿಕಲ್ಲಿಗೆ ತಂತಿ ಸುತ್ತಾಕತ್ತಿದ್ದೆ. ಎಮ್ಮಿ ಮೈ ತೊಳಿಯಾಕ ಬಂದಿದ್ದ ಮುದುಕಿ ಬಗ್ಗಿ ನೋಡಿ, "ಯಾರಿಗವ್ವಾ ಇದು?" ಅಂದ್ಲು.

"ಯಾರಿಗೂ ಅಲ್ಲಬೇ" ಅಂದೆ.

"ಹಂಗಾರ ನಮ್ಮ ಗೌರವ್ವಗ ಕೊಡು. ಭಾಳ ಛಲೋ ಅದಾಳ, ಮಂದಿ ಕಣ್ಣು ಬೀಳತೈತಿ."

ಸೊಸಿ ಇರಬೇಕು ಅನಕೊಂಡು ಖುಷಿಲೇ ಕೊಟ್ಟೆ. ಮುದುಕಿ ಅದನ್ನ ಕರಿದಾರಕ್ಕ ಪೋಣಿಸಿ ಸೀದಾ ಎಮ್ಮಿ ಕೊರಳಿಗೆ ಕಟ್ಟಿದ್ಲು. ಎರಡು ಹೆಜ್ಜಿ ಹಿಂದ ಸರದು, "ಎಷ್ಟ್ ಚಂದ ಕಾಣತಾಳ ನೋಡು ನನ್ನವ್ವ!" ಅಂದ್ಲು.

ಅಂಥಾ ಒಂದು ಮಾತಿಗೆ ನಾ ಎಷ್ಟು ದಿನದಿಂದ ಕಾದಿದ್ದೆ! ಗೌರವ್ವ ಮಾತ್ರ ಕೇಳಿಯೂ ಕೇಳದಂಗ ನೀರಿಗಿಳದ್ಲು. ಅಕಿಗೆ ಅದು ದಿನಾ ಸಿಗೋ ಮಾತಿರಬೇಕು.