ಸತ್ತವನು ಬಂದ ಕೂಡಲೇ

ಗುರುಬಾಯಿ ವೈನಿಯಂಥ ಸಿನಿಮಾ ಹುಚ್ಚಿನವಳು ಉಮರ್ಗಾದಲ್ಲಿ ಇನ್ನೊಬ್ಬಳಿರಲಿಲ್ಲ. ಆದರೆ ಒಂದು ಸಿನಿಮಾವನ್ನೂ ಅವಳು ಕೊನೆಯವರೆಗೆ ನೋಡಿದವಳಲ್ಲ. ಊರಾಚೆ ಟೆಂಟು ಬಿದ್ದರೆ ಸಾಕು, ನನ್ನ ಕೈ ಹಿಡಿದು ಹೆಂಗಸರ ಕಡೆ ಮುಂದೆ ಹೋಗಿ ಕೂರುತ್ತಿದ್ದಳು. ಕೊಲೆಯ ಕಥೆಯೇ ಆಗಬೇಕು. ಸತ್ತನೆಂದು ಎಲ್ಲರೂ ಅತ್ತು ಮುಗಿಸಿದವನು ಪರದೆಯ ಮೇಲೆ ಬಾಗಿಲು ತೆರೆದು ಬಂದನೋ, ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. "ಹುಗ್ಗಿ ಬಡಸೂ ಹೊತ್ತಿಗಿ ಏಳ್ತಾಳ ನೋಡ್ರಿ," ಎಂದು ಪಕ್ಕದವರು ನಗುತ್ತಿದ್ದರು. "ಇನ್ನಾ ಅದ ವೈನಿ," ಎಂದು ನಾನು ಎಳೆದರೆ, "ಅಂವಾ ಬಂದ್ನಲ್ಲ, ಸಾಕ ನಡಿ," ಎನ್ನುತ್ತಿದ್ದಳು.

ಅವಳ ಗಂಡ, ಅಂದರೆ ನನ್ನ ಅಣ್ಣ, ನಿಜಾಮನ ಮೇಲೆ ದಂಡು ಬಂದ ಪೊಲೀಸ್ ಆ್ಯಕ್ಷನ್ ಗದ್ದಲದಲ್ಲಿ ಎತ್ತು ಕೊಳ್ಳಲು ಉದಗೀರಕ್ಕೆ ಹೋದವನು ತಿರುಗಿ ಬರಲಿಲ್ಲ. ನಿಲಂಗಾದ ದಾರಿಯಲ್ಲಿ ಸಿಕ್ಕಿತೆಂದು ಯಾರೋ ಅವನ ರುಮಾಲು ತಂದುಕೊಟ್ಟರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೊಲದಲ್ಲೇ ಮಣ್ಣು ಕೊಡುತ್ತಾರೆ. ಕೂರಿಸಲು ಅಣ್ಣನೇ ಇರಲಿಲ್ಲ. "ಆ ರುಮಾಲಿಗರ ಮಣ್ಣ ಕೊಡಮು ಗುರಬಾಯಿ, ಅವನ ಜೀವಕ್ಕ ನೆಲಿ ಸಿಗ್ತದ," ಎಂದು ಅವ್ವ ವರ್ಷ ವರ್ಷವೂ ಕೇಳುತ್ತಿದ್ದಳು.

"ಹೆಣಾ ಯಾರ್ ನೋಡ್ಯಾರ್ರಿ ಅತ್ತಿ? ಸಿನಿಮಾದಾಗ ಬರೇ ಕೋಟ್ ಸಿಕ್ಕಾಂವ ಒಬ್ಬನರ ಸತ್ತಾನೇನ್ರಿ? ಬರ್ತಾರ," ಎಂದು ಬಳೆ ತುಂಬಿದ ಕೈಯಲ್ಲಿ ರೊಟ್ಟಿ ಬಡಿಯುತ್ತಲೇ ವೈನಿ ಹೇಳುತ್ತಿದ್ದಳು. ಆ ಸಿನಿಮಾದ ಕಥೆಗೂ ಈ ಸಿನಿಮಾದ ಕಥೆಗೂ ತಾಳೆ ಹಾಕಿ ತೋರಿಸುತ್ತಿದ್ದಳು. ಒಂದರಲ್ಲಿ ಹೊಳೆ ದಂಡೆಯ ಮೇಲೆ ಕೋಟು, ಇನ್ನೊಂದರಲ್ಲಿ ಸುಟ್ಟ ಮೋಟಾರಿನಲ್ಲಿ ಗಡಿಯಾರ, ಇಬ್ಬರೂ ಬಂದರು. ಕೇಳಿ ಕೇಳಿ ನಾನೂ ನಂಬಿದ್ದೆ.

ಒಮ್ಮೆ ಟೆಂಟಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸತ್ತವನು ಬಂದ, ವೈನಿ ಎದ್ದಳು, ಹಿಂದಿನವರು ಬೈದು ಕೂರಿಸಿದರು. ಹಾಗಾಗಿ ಅವನು ಇಷ್ಟು ದಿನ ಎಲ್ಲಿದ್ದನೆಂಬುದನ್ನೂ ನಾವು ಕೇಳಬೇಕಾಯಿತು. ಅವನು ಬೇಕೆಂದೇ ಕೋಟು ಬಿಟ್ಟುಹೋಗಿದ್ದ. ಬೇರೆ ಊರು, ಬೇರೆ ಹೆಸರು, ಬೇರೆ ಹೆಂಡತಿ.

"ಎಲ್ಲಾದ್ರಾಗೂ ಕಡೀಕ ಹಿಂಗೇ ಇರ್ತದೇನ ನೀಲಾ?" ದಾರಿಯಲ್ಲಿ ವೈನಿ ಕೇಳಿದಳು. ಗೊತ್ತಿಲ್ಲ ಎಂದೆ. ಪ್ರತಿ ಸಲವೂ ಅವಳ ಜೊತೆ ನಾನೂ ಎದ್ದು ಬಂದವಳೇ.

ಮರುದಿನ ಬೆಳಿಗ್ಗೆ ರುಮಾಲನ್ನು ಅವ್ವನ ಮುಂದೆ ತಂದಿಟ್ಟಳು. "ಜೀವಂತ ಇದ್ರ, ಬೇಕಂತನ ನಮ್ಮನ್ನ ಬಿಟ್ಟ ಹೋಗ್ಯಾರ ಅಂದಂಗ ಆಯ್ತಲ್ರಿ ಅತ್ತಿ. ಅವ್ರು ಅಂಥಾವ್ರಲ್ರಿ. ಮಣ್ಣ ಕೊಡ್ರಿ."

ತಾನೇ ಬಳೆ ತೆಗೆದಳು. ಅವ್ವ ಅತ್ತಳು. ನಮ್ಮಿಬ್ಬರಿಗೂ ಅಳು ಬರಲಿಲ್ಲ.

ಟೆಂಟು ಮತ್ತೆ ಮತ್ತೆ ಬಂತು. ವೈನಿ ಆ ಕಡೆ ಹೋಗಲಿಲ್ಲ. ಹೋದ ವರ್ಷ ಅವಳನ್ನೂ ಆ ರುಮಾಲಿನ ಮಗ್ಗುಲಲ್ಲೇ ಕೂರಿಸಿ ಮಣ್ಣು ಕೊಟ್ಟೆವು. ಅವಳ ಗಂಡ ಒಳ್ಳೆಯವನಾಗಿಯೇ ಉಳಿದ. ನನಗೆ ಮಾತ್ರ ಅಂದು ಹಿಡಿ ಮಣ್ಣು ಹಾಕುವಾಗ ಅನ್ನಿಸಿದ್ದು ಬೇರೆ: ಅಣ್ಣ ಎಷ್ಟು ಕೆಟ್ಟವನಾದರೂ ಸರಿ, ಎಲ್ಲಾದರೂ ಬದುಕಿರಲಿ. ಈಗಲೂ ಹಾಗೇ ಅನ್ನಿಸುತ್ತದೆ.