ಏಳು ತೆರೆಯ ಹಾಲು

ಹೊಳೆಪ್ಪ ಕೆಫೆಯ ಕಾಫಿ ಮಿಷನ್ನಿನ ಹಬೆ ಕೊಳವೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾಗ ಪುಷ್ಪಾವತಿಯವರು ಕಾಗದದ ಲೋಟವನ್ನು ಅವನ ಮುಂದೆ ವಾಪಸ್ ಇಟ್ಟರು. ನೊರೆ ಕುಸಿದಿತ್ತು. ಹಾಲು ಹಾಗೇ ಇತ್ತು.

"ಮುಟ್ಟಲೂ ಇಲ್ಲ ಅವಳು. ನಿಮ್ಮ ಮಿಷನಿಗೆ ಬರೇ ಬಾಯಿ ಉಂಟು ಮಾರಾಯ, ಕೈ ಇಲ್ಲ."

ಕಾಪುವಿನಲ್ಲಿ ಮೀನು ಮಾರುವ ಹೆಂಗಸು ಅವರು. ಐದು ವರ್ಷದ ಮೊಮ್ಮಗಳು ಧೃತಿಗೆ ಮೊನ್ನೆ ಎದುರಿನ ಆಸ್ಪತ್ರೆಯಲ್ಲಿ ಟಾನ್ಸಿಲ್ ತೆಗೆದಿದ್ದರು. ಅಂದಿನಿಂದ ಮಗು ಮಾತೂ ಆಡಿಲ್ಲ, ಒಂದು ಗುಟುಕೂ ಕುಡಿದಿಲ್ಲ. ಮಧ್ಯಾಹ್ನದೊಳಗೆ ಕುಡಿದರೆ ಡ್ರಿಪ್ ತೆಗೆದು ನಾಳೆ ಮನೆಗೆ, ಇಲ್ಲದಿದ್ದರೆ ಇನ್ನೂ ಇಲ್ಲೇ ಎಂದು ಡಾಕ್ಟರು ಹೇಳಿದ್ದರು. ಆಗಲೇ ಹನ್ನೊಂದು ಗಂಟೆ.

"ಎಂಥಾ ಹಾಲು ಬೇಕ್ರಿ ಅಮ್ಮಾ?"

"ಏಳು ತೆರೆ."

ಆ ಹೆಸರು ಹೊಳೆಪ್ಪನಿಗೆ ಹೊಸದು. ಹನ್ನೆರಡು ವರ್ಷಗಳ ಹಿಂದೆ ಬಾದಾಮಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು, ಆಮೇಲೆ ಹೋಟೆಲು ಸೇರಿದವನು. ಮಕ್ಕಳ ನೊರೆಹಾಲಿಗೆ ಕಾರ್ಕಳದ ಹೋಟೆಲಿನಲ್ಲಿ ಟೋಪಿಹಾಲು ಎನ್ನುತ್ತಿದ್ದರು. ನೊರೆ ಲೋಟದ ಅಂಚು ಮೀರಿ ನಿಲ್ಲಬೇಕು. ಉಡುಪಿಯಲ್ಲಿ ಅದು ಗುಬ್ಬಿಹಾಲು. ಚಿಕ್ಕ ಲೋಟ, ಮೇಲೆ ಚಿಟಿಕೆ ಬೆಲ್ಲದ ಪುಡಿ. ಈಗ ಮಣಿಪಾಲದ ಈ ಕೆಫೆಯ ಬೋರ್ಡಿನಲ್ಲಿ ಬೇಬಿಚೀನೋ. ಕಾಪುವಿನಲ್ಲಿ ಮಾತ್ರ ಅವನು ಕೆಲಸ ಮಾಡಿರಲಿಲ್ಲ.

"ಎರಡು ಸ್ಟೀಲ್ ಲೋಟ. ಮಗುವಿನ ಕಣ್ಣೆದುರೇ ಎತ್ತರದಿಂದ ಏಳು ಸಲ ಹೊಯ್ಯುವುದು," ಎಂದರು ಪುಷ್ಪಾವತಿ. "ನನ್ನ ಭುಜ ಏಳುವುದಿಲ್ಲ. ಊರಲ್ಲಾದರೆ ಅಂಗಡಿಯ ದೇವದಾಸಣ್ಣ ಮಾಡಿಕೊಡುತ್ತಿದ್ದರು."

ಕೆಫೆಯ ಯಜಮಾನ ಲಿಡ್ವಿನ್ ಗಲ್ಲೆಯಿಂದ ಕೂಗಿದರು: "ಹೋಗು ಮಾರಾಯ! ಮಿಷನ್ ನಾನು ನೋಡ್ತೇನೆ. ನೆಲಕ್ಕೆ ಕುಡಿಸಬೇಡ ಮತ್ತೆ!"

ಮೂರನೇ ಮಹಡಿಯ ವಾರ್ಡಿನಲ್ಲಿ ಧೃತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಳೆಪ್ಪ ಕೈ ಎತ್ತಿ ಸರಸರನೆ ಏಳು ಸಲ ಹೊಯ್ದ. ಒಂದು ಹನಿ ಚೆಲ್ಲಲಿಲ್ಲ. ನೊರೆ ಬೆರಳಷ್ಟು ದಪ್ಪ ಬಂತು. ಮಗು ತಿರುಗಿ ನೋಡಿತು, ಮತ್ತೆ ಗೋಡೆಯ ಕಡೆ ಹೊರಳಿತು.

"ಆಗಲಿಲ್ಲ," ಎಂದರು ಪುಷ್ಪಾವತಿ. "ನೀನೇ ಹೊಯ್ದು ಮುಗಿಸಿದ್ದಲ್ವಾ? ಎಣಿಸುವವಳು ಅವಳು. ಅವಳು ಹೇಳದೆ ತೆರೆ ಬೀಳಬಾರದು."

ಹೊಳೆಪ್ಪ ಮೇಲಿನ ಕೈಯಲ್ಲಿ ಹಾಲು ಹಿಡಿದು ನಿಂತ. ಭುಜ ನೋಯತೊಡಗಿತು. ಪಕ್ಕದ ಹಾಸಿಗೆಯವರೂ ಈ ಕಡೆ ತಿರುಗಿದರು.

ಹೊದಿಕೆಯೊಳಗಿಂದ ಒಂದು ಬೆರಳು ಮೇಲೆದ್ದಿತು.

ಹಾಲು ಇಳಿಯಿತು. ಅವನು ಕಾದ. ಎರಡು ಬೆರಳು. ಮೂರಕ್ಕೆ ಅವಳು ಈ ಕಡೆ ಹೊರಳಿದಳು, ಐದಕ್ಕೆ ಎದ್ದು ಕೂತಳು. ಡ್ರಿಪ್ಪಿನ ಕೈಗೆ ಬ್ಯಾಂಡೇಜು. ಆರಕ್ಕೆ ಅದರ ಹೆಬ್ಬೆರಳೂ ಬೇಕಾಯಿತು, ಅದೂ ಎದ್ದಿತು. ಏಳನೆಯದಕ್ಕೆ ಬೆರಳು ಬರಲಿಲ್ಲ.

"ಏಳು," ಎಂದಳು ಧೃತಿ, ಒಡಕು ದನಿಯಲ್ಲಿ.

ಎರಡು ದಿನದಲ್ಲಿ ಅದೇ ಅವಳ ಮೊದಲ ಮಾತು. ಕೊನೆಯ ತೆರೆ ಇಳಿದದ್ದೇ ಲೋಟವನ್ನು ತಾನೇ ತೆಗೆದುಕೊಂಡು, ಪ್ರತಿ ಗುಟುಕಿಗೂ ಕಣ್ಣು ಮುಚ್ಚಿ, ತಳದವರೆಗೆ ಕುಡಿದಳು. ಮೂಗಿನ ತುದಿಯಲ್ಲಿ ನೊರೆ ಉಳಿಯಿತು. ಇಷ್ಟು ವರ್ಷ ಹಾಲು ನೊರೆಯೆಬ್ಬಿಸಿದ ಹೊಳೆಪ್ಪ ಕೈಯಲ್ಲಿ ಖಾಲಿ ಲೋಟ ಹಿಡಿದು, ಮೊದಲ ಸಲ ಕಂಡವನ ಹಾಗೆ ಆ ನೊರೆಯನ್ನೇ ನೋಡುತ್ತ ನಿಂತ.

"ಯವ್ವಾ," ಎಂದ ಮೆಲ್ಲಗೆ.

ಸಂಜೆ ನಾಲ್ಕಕ್ಕೆ ಡ್ರಿಪ್ ತೆಗೆದರು. ಮರುದಿನ ಬೆಳಿಗ್ಗೆ ಅಜ್ಜಿ, ಮೊಮ್ಮಗಳು ಕಾಪುವಿಗೆ ಹೊರಟರು.